ಬಿಸಿನೀರಿನ ಟ್ಯಾಂಕಿಗೊಂದು ಕೋಟು

"ಕಿಟಕಿ ಮುಚ್ರೋ! ಯಾರದು ತೆಗೆದಿದ್ದು?"

ನಜೀರಾ ಎಜೆ ಕ್ಲಾಸಿನೊಳಗೆ ಕಾಲಿಡುತ್ತಲೇ ಕೂಗಿದರು. ಎಜೆ ಅಂದರೆ ಅಕ್ಕ. ಅಲ್ಲಿನ ಮಕ್ಕಳು ಟೀಚರನ್ನೂ ಹಾಗೇ ಕರೆಯುವುದು. ಕಿಟಕಿಯ ಪಕ್ಕದಲ್ಲಿದ್ದ ಬೆಕ್ತೂರ್ ಎದ್ದು ಧಡ್ ಎಂದು ಮುಚ್ಚಿದ. ಅಷ್ಟರಲ್ಲಿ ಹೊಗೆ ಒಳಗೆ ಬಂದಾಗಿತ್ತು. ಮುಂದಿನ ಬೆಂಚಿನವರು ಕೆಮ್ಮಿದರು. ಅವರನ್ನು ನೋಡಿ ಹಿಂದಿನ ಬೆಂಚಿನವರೂ ಸುಮ್ಮನೆ ಕೆಮ್ಮಿದರು.

"ಎಜೆ, ಇವತ್ತೂ ಆಟಕ್ಕೆ ಬಿಡಲ್ವಾ?"

"ಹೊರಗೆ ನೋಡು. ಆಡೋ ಹವಾನಾ ಇದು?"

ಮೈದಾನದ ಆಚೆ ಬದಿ ಕಾಣುತ್ತಿರಲಿಲ್ಲ. ಬಿಷ್ಕೆಕ್ ನಗರದ ಅಂಚಿನ ಆ ಬಡಾವಣೆಯಲ್ಲಿ ಚಳಿಗಾಲವೆಂದರೆ ಹೀಗೇ. ಮನೆಮನೆಗೂ ಕಲ್ಲಿದ್ದಲಿನ ಒಲೆ, ಒಲೆಗೊಂದು ಚಿಮಣಿ. ನಿನ್ನೆ ಬಿದ್ದ ಹಿಮ ಇವತ್ತು ಬೂದಿಯ ಬಣ್ಣಕ್ಕೆ ತಿರುಗಿತ್ತು. ದಕ್ಷಿಣಕ್ಕೆ ಬೆಟ್ಟಗಳಿವೆ ಎಂದು ನಂಬಬೇಕಿತ್ತು, ಅಷ್ಟೆ.

"ಇದೆಲ್ಲ ಕುಂದುಜ್ ಮನೆ ಹೊಗೆ ಎಜೆ" ಎಂದ ಬೆಕ್ತೂರ್. "ಅವರ ಮೋಂಚೊ ಚಿಮಣಿಯಿಂದ ಕರ್ರಗೆ ಬರತ್ತೆ, ನಾನೇ ನೋಡಿದೀನಿ. ಒಳಗೆ ಜನಕ್ಕೆ ಸ್ನಾನ ಮಾಡಿಸ್ತಾರೆ, ಹೊರಗೆ ಬಂದ ತಕ್ಷಣ ಮಸಿ ಬಳೀತಾರೆ!"

ಕ್ಲಾಸೆಲ್ಲ ನಕ್ಕಿತು. ಕುಂದುಜ್‌ಳ ಕಿವಿ ಬಿಸಿಯಾಯಿತು.

ಮೋಂಚೊ ಅವಳ ಅಪ್ಪ ಅಮ್ಮನದು. ಟಿಕೆಟ್ ಕೊಂಡು ಬಿಸಿನೀರು ಮಿಂದು ಹೋಗುವ ಜಾಗ. ಮನೆಯಲ್ಲಿ ಬಚ್ಚಲಿಲ್ಲದ ಬಡಾವಣೆಯ ಜನರೆಲ್ಲ ಅಲ್ಲಿಗೇ ಬರುತ್ತಿದ್ದರು. ಬೆಕ್ತೂರನ ಮನೆಯವರೂ.

"ನಿಮ್ಮನೆ ಚಿಮಣಿಯಿಂದ ಏನು ಸೆಂಟ್ ವಾಸನೆ ಬರತ್ತಾ?" ಎಂದಳು ಕುಂದುಜ್.

"ನಮ್ಮದು ಬಿಳೀ ಹೊಗೆ ಕಣೇ. ನಿಮ್ಮದು ಡ್ರ್ಯಾಗನ್!"

ಕುಂದುಜ್ ಕಿಟಕಿಯ ಕಡೆ ತಿರುಗಿದಳು. ಹೊಗೆ ಕಪ್ಪಗಿರುವುದು ಏಕೆಂದು ಅವಳಿಗೆ ಗೊತ್ತಿತ್ತು. ರಾತ್ರಿಯಿಡೀ ನಿಂತು ಟ್ಯಾಂಕಿನ ನೀರು ತಣ್ಣಗಾಗುತ್ತಿತ್ತು. ಬೆಳಗಾದರೆ ಗಿರಾಕಿಗಳು ಬಾಗಿಲಲ್ಲಿ. ನೀರು ಬೇಗ ಕಾಯಲಿ ಎಂದು ಅಪ್ಪ ಒಲೆಗೆ ಹಳೆಯ ಟೈರಿನ ಚೂರುಗಳನ್ನು ಎಸೆಯುತ್ತಿದ್ದ. ಟೈರು ಧಗಧಗ ಉರಿಯುತ್ತದೆ. ಮೂಗು ಮುಚ್ಚಿಕೊಳ್ಳುವಂಥ ಕಪ್ಪು ಹೊಗೆಯನ್ನೂ ಬಿಡುತ್ತದೆ. ಅವಳ ತಮ್ಮ ಎರ್ಮೆಕ್ ಬೆಳಗಿನ ಹೊತ್ತು ಕೆಮ್ಮುತ್ತಲೇ ಏಳುತ್ತಿದ್ದ.

"ಆಯ್ತು, ನಗು ಸಾಕು" ಎಂದರು ನಜೀರಾ ಎಜೆ. "ಎಲ್ಲರ ಮನೆ ಹೊಗೆಯೂ ಒಂದೇ ಆಕಾಶಕ್ಕೆ ಹೋಗೋದು. ಬೆಕ್ತೂರ್, ನಿನ್ನ ಉಣ್ಣೆ ಟೋಪಿ ಕೊಡು."

"ಯಾಕೆ ಎಜೆ?"

"ಕೊಡು ಅಂದ್ರೆ ಕೊಡು."

ಅವರು ತಮ್ಮ ಫ್ಲಾಸ್ಕಿನಿಂದ ಎರಡು ಗಾಜಿನ ಬಾಟಲಿಗೆ ಬಿಸಿನೀರು ತುಂಬಿದರು. ಒಂದನ್ನು ಬರಿದೇ ಮೇಜಿನ ಮೇಲಿಟ್ಟರು. ಇನ್ನೊಂದನ್ನು ಟೋಪಿಯೊಳಗೆ ಕೂರಿಸಿದರು. ಆಮೇಲೆ ಏನೂ ಆಗಿಲ್ಲವೆಂಬಂತೆ ಪಾಠ ಶುರು ಮಾಡಿದರು.

"ಕಲ್ಲಿದ್ದಲು ಉರಿದರೆ ಕಣ್ಣಿಗೆ ಕಾಣೋ ಹೊಗೆ ಒಂದು. ಅದು ಗಂಟಲಿಗೆ ಬರತ್ತೆ. ಕಾಣದೇ ಇರೋದು ಇನ್ನೊಂದು ಇದೆ, ಇಂಗಾಲದ ಗಾಳಿ. ಅದು ಮೇಲೆ ಹೋಗಿ ಭೂಮಿಗೆ ದಪ್ಪ ಹೊದಿಕೆ ಹೊದಿಸಿದ ಹಾಗೆ ಕೂತ್ಕೊಳ್ಳತ್ತೆ. ಭೂಮಿಗೆ ಸೆಕೆ ಆಗತ್ತೆ. ಬೆಟ್ಟದ ಮೇಲಿನ ಹಿಮ ವರ್ಷ ವರ್ಷ ಕರಗ್ತಾ ಬರತ್ತೆ. ಆ ಹಿಮ ಹೋದ್ರೆ ನಮ್ಮ ಕಾಲುವೆಗೆ ನೀರಿಲ್ಲ."

"ಹಾಗಾದ್ರೆ ಒಲೆ ಹಚ್ಚೋದೇ ಬೇಡ್ವಾ?" ಯಾರೋ ಕೇಳಿದರು.

"ಹಚ್ಚದೇ ಇದ್ರೆ ಮರಗಟ್ಟಿ ಹೋಗ್ತೀವಿ. ಹಚ್ಚಿದ ಬಿಸಿ ಓಡಿ ಹೋಗದ ಹಾಗೆ ನೋಡ್ಕೊಂಡ್ರೆ ಕಮ್ಮಿ ಹಚ್ಚಿದರೂ ಸಾಕಾಗತ್ತೆ."

ಪಾಠ ಮುಗಿದ ಮೇಲೆ ಒಬ್ಬೊಬ್ಬರಾಗಿ ಬಾಟಲಿ ಮುಟ್ಟಿ ನೋಡಿದರು. ಬರಿ ಬಾಟಲಿ ತಣ್ಣಗಾಗಿತ್ತು. ಟೋಪಿಯೊಳಗಿದ್ದದ್ದು ಇನ್ನೂ ಕೈ ಸುಡುತ್ತಿತ್ತು. ಕುಂದುಜ್ ಎರಡು ಸಲ ಮುಟ್ಟಿದಳು.

"ನನ್ನ ಟೋಪಿ ಒದ್ದೆ ಆಯ್ತು ಎಜೆ" ಎಂದು ಬೆಕ್ತೂರ್ ಗೊಣಗಿದ.

ಕುಂದುಜ್‌ಳ ಯೋಚನೆಯಲ್ಲಿ ಟೋಪಿ ಇರಲಿಲ್ಲ. ಮೋಂಚೊದ ಹಿಂದಿನ ಕೋಣೆಯಲ್ಲಿ ಒಲೆಯ ಪಕ್ಕ ಎತ್ತರದ ಕಟ್ಟೆಯ ಮೇಲೆ ನಿಂತಿದ್ದ ದುಂಡನೆಯ ಕಬ್ಬಿಣದ ಟ್ಯಾಂಕ್ ಇತ್ತು. ಇಷ್ಟು ಚಳಿಯಲ್ಲಿ ಮೈಮೇಲೆ ಒಂದು ಬಟ್ಟೆಯೂ ಇಲ್ಲದೆ ನಿಂತಿರುವ ಟ್ಯಾಂಕ್.

ಸ್ಕೂಲಿನಿಂದ ಬಂದವಳೇ ಸೀದಾ ಅಪ್ಪನ ಹತ್ತಿರ ಹೋದಳು. ಅಪ್ಪ ಒಲೆಯ ಬೂದಿ ತೆಗೆಯುತ್ತಿದ್ದ.

"ಅಪ್ಪಾ, ಟ್ಯಾಂಕಿಗೆ ಕೋಟು ಹಾಕೋಣ್ವಾ?"

"ಟೋಪಿನೂ ಹಾಕು. ಹಾಗೇ ಒಂದು ಹೆಣ್ಣು ನೋಡಿ ಮದುವೆ ಮಾಡಿಬಿಡೋಣ."

"ತಮಾಷೆ ಅಲ್ಲಪ್ಪ. ಉಣ್ಣೆ ಸುತ್ತಿದ್ರೆ ರಾತ್ರಿ ನೀರು ಆರಲ್ಲ. ಟೈರ್ ಹಾಕೋದೇ ಬೇಕಾಗಲ್ಲ."

ಟೈರಿನ ಮಾತು ಬಂದದ್ದಕ್ಕೆ ಅಪ್ಪ ಅವಳ ಮುಖ ನೋಡಿದ. ಆಮೇಲೆ ಬೂದಿಯ ಬಕೆಟ್ ಎತ್ತಿಕೊಂಡ. "ಹಳೇದು ಏನಾದ್ರೂ ಸಿಕ್ಕಿದ್ರೆ ಸುತ್ತು. ಒಲೆ ಬಾಗಿಲ ಹತ್ತಿರ ತರಬೇಡ, ಮೇಲ್ಗಡೆಗೆ ಮಾತ್ರ. ನಾನು ಕಲ್ಲಿದ್ದಲು ತರೋಕೆ ಹೋಗ್ತಿದೀನಿ."

ಹಳೆಯದು ಎಲ್ಲಿರುತ್ತದೆಂದು ಕುಂದುಜ್‌ಗೆ ಗೊತ್ತಿತ್ತು. ಅಜ್ಜಿಯ ಉಗ್ರಾಣದಲ್ಲಿ.

ಅಜ್ಜಿ ಯಾವುದನ್ನೂ ಎಸೆಯುವವಳಲ್ಲ. ಜಾಮಿನ ಖಾಲಿ ಬಾಟಲಿ, ಅಂಗಿ ಹರಿದರೂ ಉಳಿದ ಗುಂಡಿ, ಹಿಡಿ ಮುರಿದ ಕೆಟಲ್. ಕೇಳಿದರೆ "ಬೇಕಾಗತ್ತೆ" ಅನ್ನುವಳು. ಉಗ್ರಾಣದ ಮೂಲೆಯಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ದೊಡ್ಡ ಸುರುಳಿಯಿತ್ತು. ಬಿಳಿಯ ಕಿಯಿಜ್. ಕುರಿಯ ಉಣ್ಣೆಯನ್ನು ಒತ್ತಿ ಒತ್ತಿ ಮಾಡಿದ, ಬೆರಳಿನಷ್ಟು ದಪ್ಪದ ಹಾಸು. ಅಜ್ಜಿ ಅದನ್ನು ಬೇಸಿಗೆಯಲ್ಲಿ ಒಮ್ಮೆ ಬಿಸಿಲಿಗೆ ಹರಡಿ ಕೋಲಿನಿಂದ ಬಡಿದು ಮತ್ತೆ ಸುತ್ತಿಡುತ್ತಿದ್ದಳು. ಏನಕ್ಕೆ ಎಂದು ಕುಂದುಜ್ ಹಿಂದೊಮ್ಮೆ ಅಮ್ಮನನ್ನು ಕೇಳಿದ್ದಳು.

"ಅಜ್ಜೀದು. ಬೇಕಾಗತ್ತೆ."

"ಯಾವಾಗ?"

"ಬೇಕಾದಾಗ. ಹೋಗು, ಕೈ ತೊಳ್ಕೋ."

ಗುಂಡಿಗಳೂ ಬೇಕಾದಾಗ ಬೇಕಾಗುವಂಥವೇ. ಯಾರಿಗೂ ಬೇಕಾಗಿದ್ದನ್ನು ಕುಂದುಜ್ ನೋಡಿರಲಿಲ್ಲ.

ಆ ದಿನ ಅಜ್ಜಿ ಹಿಂದಿನ ಬೀದಿಯಲ್ಲಿ ಹೊಸ ಮಗು ನೋಡಲು ಹೋಗಿದ್ದಳು. ಅಮ್ಮ ಮುಂದಿನ ಕಿಟಕಿಯಲ್ಲಿ ಕೂತು ಟಿಕೆಟ್ ಕೊಡುತ್ತಿದ್ದಳು. ಕುಂದುಜ್ ಸುರುಳಿಯನ್ನು ಎಳೆದು ತಂದಳು. ಎರ್ಮೆಕ್ ಅದರ ಮೇಲೆ ಕೂತು ಸವಾರಿ ಮಾಡಿದ.

"ಕುರಿ ವಾಸನೆ" ಎಂದ ಅವನು.

"ಕುರೀದೇ ಅದು. ಇಳಿಯೋ."

ಟ್ಯಾಂಕಿಗೆ ಸುತ್ತಿ ನೋಡಿದರೆ ಕಿಯಿಜ್ ತೀರ ದೊಡ್ಡದಾಯಿತು. ಕುಂದುಜ್ ಅಪ್ಪನ ಚಾಕು ತಂದಳು. ಕಿಯಿಜ್ ಬಟ್ಟೆಯ ಹಾಗೆ ಹರಿಯುವುದಿಲ್ಲ. ಗರಗಸದಂತೆ ಹಿಂದೆ ಮುಂದೆ ಎಳೆಯಬೇಕು. ಅವಳ ಬೆರಳು ಕೆಂಪಾಯಿತು. ಒಂದು ದೊಡ್ಡ ತುಂಡನ್ನು ಟ್ಯಾಂಕಿನ ಸುತ್ತ ಹಾಕಿ ಹಗ್ಗ ಬಿಗಿದಳು. ಮೇಲೆ ಮುಚ್ಚಲು ಒಂದು ದುಂಡು ತುಂಡು ಕತ್ತರಿಸಿದಳು. ಉಳಿದ ಚೂರುಗಳು ನೆಲದ ತುಂಬ ಬಿದ್ದಿದ್ದವು.

ಟ್ಯಾಂಕ್ ನಿಜವಾಗಿ ಕೋಟು ಹಾಕಿಕೊಂಡಂತೆ ಕಾಣುತ್ತಿತ್ತು. ಎರ್ಮೆಕ್ ಚಪ್ಪಾಳೆ ತಟ್ಟಿದ.

ಮೊದಲು ಬಂದದ್ದು ಅಪ್ಪ.

"ಎಲಾ ಇವಳಾ!" ಎಂದು ನಗುತ್ತ ಹತ್ತಿರ ಬಂದವನು ಕಿಯಿಜ್ ಮುಟ್ಟಿದ. ನಗು ನಿಂತಿತು. "ಇದನ್ನ ಎಲ್ಲಿಂದ ತಂದೆ?"

"ಉಗ್ರಾಣದಿಂದ. ನೀನೇ ಹೇಳಿದ್ಯಲ್ಲ, ಹಳೇದು ಅಂತ."

"ಮೈರಾಮ್! ಇಲ್ಲಿ ಬಾ ಸ್ವಲ್ಪ."

ಅಮ್ಮ ಟಿಕೆಟ್ ಕಟ್ಟು ಹಿಡಿದುಕೊಂಡೇ ಬಂದಳು. ನೆಲದ ಮೇಲಿನ ಚೂರು ನೋಡಿದಳು. ಕೈ ಬಾಯಿಗೆ ಹೋಯಿತು. ಅವಳು ಏನಾದರೂ ಹೇಳುವ ಮೊದಲೇ ಹಿಂದಿನ ಬಾಗಿಲು ತೆರೆದು ಅಜ್ಜಿ ಒಳಗೆ ಬಂದಳು. ಅವಳ ಕೈಯಲ್ಲಿ ಮಗುವಿನ ಮನೆಯವರು ಕಟ್ಟಿಕೊಟ್ಟ ಬೋರ್ಸೋಕಿನ ಗಂಟು, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡುಗಳು.

"ಗಂಡು ಮಗು. ಮೂಗು ಮಾತ್ರ ಅವರಪ್ಪಂದೇ, ಪಾಪ" ಎಂದು ಅಜ್ಜಿ ಶುರು ಮಾಡಿದಳು.

ಆಮೇಲೆ ಅವಳ ಕಣ್ಣು ಟ್ಯಾಂಕಿನ ಮೇಲೆ ಬಿತ್ತು. ಟ್ಯಾಂಕಿನ ಹತ್ತಿರ ಹೋಗಿ ಕತ್ತರಿಸಿದ ಅಂಚಿನ ಮೇಲೆ ಒಂದು ಬೆರಳು ಆಡಿಸಿದಳು. ಗಂಟನ್ನು ಎರ್ಮೆಕ್‌ನ ಕೈಗೆ ಕೊಟ್ಟಳು. ಯಾರನ್ನೂ ನೋಡದೆ ಮನೆಯೊಳಗೆ ಹೋದಳು.

ಅಜ್ಜಿ ಬೈದಿದ್ದರೆ ಚೆನ್ನಾಗಿತ್ತು. ಬೈಗುಳ ಕುಂದುಜ್‌ಗೆ ಅಭ್ಯಾಸವಿತ್ತು.

"ಅಮ್ಮಾ, ಏನಾಯ್ತು? ಹೊಲಿದು ಕೊಟ್ರಾಯ್ತಲ್ಲ?"

ಅಮ್ಮ ಅವಳನ್ನು ಕಲ್ಲಿದ್ದಲಿನ ಮೂಟೆಗಳ ಹಿಂದೆ ಎಳೆದುಕೊಂಡು ಹೋಗಿ ದನಿ ತಗ್ಗಿಸಿದಳು.

"ಅದು ಅಜ್ಜಿಯ ಗುಡಾರದ್ದು ಕಣೇ."

"ಅಜ್ಜಿಗೆ ಗುಡಾರ ಎಲ್ಲಿದೆ?"

"ಈಗಿಲ್ಲ. ಅಜ್ಜಿ ಹೋದಾಗ ಹಾಕೋದು. ಅದರ ಮುಖ ಆಚೆ ತಿರುಗಲಿ!"

ಸಾವಿನ ಮಾತು ಬಾಯಿಗೆ ಬಂದಾಗಲೆಲ್ಲ ಅಮ್ಮ ಹಾಗೆನ್ನುತ್ತಿದ್ದಳು. ಅದಕ್ಕೇ ಆ ಕಿಯಿಜ್ ಏನಕ್ಕೆಂದು ಯಾರೂ ಮಕ್ಕಳಿಗೆ ಹೇಳಿರಲಿಲ್ಲ.

ಬಡಾವಣೆಯಲ್ಲಿ ಯಾರಾದರೂ ತೀರಿಕೊಂಡರೆ ಅಂಗಳದಲ್ಲಿ ದುಂಡು ಗುಡಾರ ಏಳುವುದನ್ನು ಕುಂದುಜ್ ನೋಡಿದ್ದಳು. ಹೋದವರನ್ನು ಮಣ್ಣಿಗೆ ಒಯ್ಯುವವರೆಗೆ ಅದರೊಳಗೇ ಮಲಗಿಸುತ್ತಾರೆ. ಮನೆಯ ಹೆಂಗಸರು ಸುತ್ತ ಕೂತು ಅಳುತ್ತಾರೆ. ಈಗೀಗ ಗುಡಾರವನ್ನು ಬಾಡಿಗೆಗೆ ತರಿಸುತ್ತಾರೆ. ಲಾರಿಯಲ್ಲಿ ಬರುತ್ತದೆ, ಲಾರಿಯಲ್ಲಿ ಹೋಗುತ್ತದೆ.

"ಯಾರ್ಯಾರದೋ ಅಳು ಮೆತ್ತಿಕೊಂಡಿರೋ ಕಿಯಿಜ್ ಕೆಳಗೆ ನಾನು ಮಲಗಲ್ಲ ಅಂತಾರೆ ನಿಮ್ಮಜ್ಜಿ" ಎಂದಳು ಅಮ್ಮ. "ಗುಡಾರದ ಮರದ ಚೌಕಟ್ಟು ಊರಲ್ಲಿ ನಿಮ್ಮ ದೊಡ್ಡಪ್ಪನ ಮನೇಲಿದೆ. ಹೊದಿಸೋದನ್ನ ಮಾತ್ರ ಅವರೇ ಇಟ್ಕೊಂಡಿದ್ರು. ಅಕ್ಕತಂಗಿಯರ ಜೊತೆ ಸೇರಿ ಮಾಡಿದ್ದಂತೆ, ಹುಲ್ಲುಗಾವಲಲ್ಲಿ ಇದ್ದಾಗ. ಈಗ ಆ ಅಕ್ಕತಂಗಿಯರಲ್ಲಿ ಒಬ್ಬರೂ ಇಲ್ಲ."

ಕುಂದುಜ್ ಕೈಯಲ್ಲಿದ್ದ ಚೂರನ್ನು ನೋಡಿದಳು. ಅದನ್ನು ಕೆಳಗಿಡಬೇಕೋ ಹಿಡಿದುಕೊಂಡಿರಬೇಕೋ ಅವಳಿಗೆ ತಿಳಿಯಲಿಲ್ಲ.

ಆ ಸಂಜೆ ಅಜ್ಜಿ ಚಹಾ ಕುಡಿಯಲು ಬರಲಿಲ್ಲ.

ಬೆಳಿಗ್ಗೆ ಕುಂದುಜ್ ಬೇಗ ಎದ್ದು ಹಿಂದಿನ ಕೋಣೆಗೆ ಹೋದಳು. ಸೂಜಿ, ದಪ್ಪ ದಾರ ಹಿಡಿದುಕೊಂಡಿದ್ದಳು. ಎಲ್ಲ ಬಿಚ್ಚಿ, ಹೊಲಿದು, ಸುತ್ತಿ, ಇದ್ದಲ್ಲಿಗೆ ಇಟ್ಟುಬಿಡಬೇಕು. ಆದರೆ ಅಲ್ಲಿ ಆಗಲೇ ಇಬ್ಬರಿದ್ದರು. ಅಪ್ಪ ಟ್ಯಾಂಕಿನ ನಲ್ಲಿ ತಿರುಗಿಸಿ ಕೈ ಒಡ್ಡಿದ್ದ. ಅಜ್ಜಿ ಸ್ಟೂಲಿನ ಮೇಲೆ ಕೂತಿದ್ದಳು.

"ಇನ್ನೂ ಬೆಚ್ಚಗಿದೆ" ಎಂದ ಅಪ್ಪ. ನಂಬಿಕೆ ಬಾರದೆ ಮತ್ತೊಮ್ಮೆ ಕೈ ಒಡ್ಡಿದ. "ಅಮ್ಮಾ, ನೀನೇ ನೋಡು. ರಾತ್ರಿಯಿಂದ ಒಲೆ ಆರಿದೆ."

ಅಜ್ಜಿ ಕೈ ಒಡ್ಡಲಿಲ್ಲ. ಕುಂದುಜ್ ಹಗ್ಗದ ಗಂಟಿಗೆ ಕೈ ಹಾಕಿದಳು.

"ಏನ್ ಮಾಡ್ತಿದೀಯಾ?" ಅಜ್ಜಿ ಕೇಳಿದಳು.

"ಬಿಚ್ತಿದೀನಿ ಅಜ್ಜಿ. ಹೊಲಿದು ಕೊಡ್ತೀನಿ."

"ಹೊಲಿಗೆ ಹಾಕಿದ್ರೆ ಅದು ಕಿಯಿಜ್ ಅಲ್ಲ, ತೇಪೆ. ಬಿಡು."

"ಮತ್ತೆ..."

"ಆ ಗಂಟು ನಿಂಗೆ ಯಾರು ಕಲಿಸಿದ್ದು?"

"ಯಾರೂ ಇಲ್ಲ. ಶೂ ಲೇಸಿಂದು."

"ಗೊತ್ತಾಗತ್ತೆ." ಅಜ್ಜಿ ಮಂಡಿ ಹಿಡಿದುಕೊಂಡು ಎದ್ದಳು. "ಹೀಗೆ ಕಟ್ಟಿದ್ರೆ ಗುಡಾರ ಮೊದಲನೇ ಗಾಳಿಗೇ ಹಾರಿಹೋಗ್ತಿತ್ತು. ಅಂಚು ನೋಡು, ಬಾಗಿಲ ಕಡೆ ಬಾಯಿ ಬಿಟ್ಕೊಂಡಿದೆ. ಗಾಳಿ ಎಲ್ಲಿಂದ ಬರತ್ತೆ?"

"ಬಾಗಿಲಿಂದ."

"ಹಾಗಾದ್ರೆ ಅಂಚು ಯಾವ ಕಡೆ ಇರ್ಬೇಕು?"

"ಆ ಕಡೆ. ಗೋಡೆ ಕಡೆ."

"ತಲೆ ಇದೆ. ಉಪಯೋಗಿಸೋದು ಮಾತ್ರ ಕೆಲಸ ಆದಮೇಲೆ."

ಅಜ್ಜಿ ಕಿಯಿಜ್ ತಿರುಗಿಸಿದಳು. ಒಂದು ಅಂಚಿನ ಮೇಲೆ ಇನ್ನೊಂದು ಅಂಚನ್ನು ಅಂಗೈಯಗಲ ಏರಿಸಿದಳು. ಹಗ್ಗವನ್ನು ಸುತ್ತ ಓರೆಯಾಗಿ ಎಳೆದು, ಕೆಳಗಿನಿಂದ ಸಿಕ್ಕಿಸಿ, ಒಂದೇ ಜಗ್ಗಿಗೆ ಬಿಗಿದಳು. ಅಲ್ಲಿ ಒಂದು ಪುಟ್ಟ ಗುಡಾರ ಎದ್ದಂತಾಯಿತು. ಕುಂದುಜ್ ಅವಳ ಕೈಗಳನ್ನೇ ನೋಡುತ್ತಿದ್ದಳು.

"ಅಜ್ಜಿ, ನಿಂಗೆ ಕೋಪ ಇಲ್ವಾ?"

"ಇದೆ. ಯಾಕಿರಲ್ಲ? ಕೋಪ ಬಂದವರು ಕೈ ಕಟ್ಕೊಂಡು ಕೂರ್ಬೇಕು ಅಂತ ಏನಾದ್ರೂ ಇದ್ಯಾ? ಆ ತುದಿ ಹಿಡ್ಕೋ."

ಅಪ್ಪ ಆ ದಿನ ಟೈರಿನ ರಾಶಿಯ ಕಡೆ ಹೋಗಲಿಲ್ಲ. ಕಲ್ಲಿದ್ದಲನ್ನು ಮಾತ್ರ ಹಾಕಿದ, ಅದೂ ಸ್ವಲ್ಪವೇ. ಬೆಚ್ಚಗಿದ್ದ ನೀರು ಕಾಯಲು ಎಷ್ಟು ಹೊತ್ತು?

ಊಟಕ್ಕೆ ಕೂತಾಗ ಅಜ್ಜಿ ಎಲ್ಲರೆದುರು ಹೇಳಿದಳು. "ಒಂದು ವಿಷಯ. ಈಗ ನಾನು ಸಾಯೋ ಹಾಗಿಲ್ಲ. ಹೊದಿಯೋಕೆ ಏನೂ ಇಲ್ಲ."

"ಅಯ್ಯೋ, ಅದರ ಮುಖ ಆಚೆ ತಿರುಗಲಿ!" ಎಂದಳು ಅಮ್ಮ.

"ಯಾರ ಮುಖ?" ಎಂದ ಎರ್ಮೆಕ್.

"ಸಾವಿನ ಮುಖ ಕಣೋ. ಅದು ಬಾಗಿಲಿಗೆ ಬಂದಾಗೆಲ್ಲ ನಿಮ್ಮಮ್ಮ ಅದರ ಕತ್ತು ಹಿಡಿದು ತಿರುಗಿಸ್ತಾಳೆ. ಪಾಪ, ಅದಕ್ಕೂ ಕತ್ತು ನೋವು ಬಂದಿರತ್ತೆ." ಅಜ್ಜಿ ಕುಂದುಜ್ ಕಡೆ ತಿರುಗಿದಳು. "ಕತ್ತರಿಸಿದ್ದು ನೀನು. ಹೊಸದನ್ನ ಮಾಡೋಕೂ ನೀನೇ ಬರ್ಬೇಕು. ನಾನು ಕೂತಲ್ಲಿಂದ ಹೇಳ್ತೀನಿ, ನೀನು ಮಾಡು."

"ಮಾಡ್ತೀನಿ ಅಜ್ಜಿ" ಎಂದಳು ಕುಂದುಜ್. ಅವಳಿಗೆ ಸಮಾಧಾನವಾಯಿತು. ಅಜ್ಜಿ ಸಾಯುವ ಹಾಗಿಲ್ಲ ಎಂದದ್ದು ಮಾತ್ರ ಅವಳ ಕಿವಿಯಲ್ಲಿ ಉಳಿಯಿತು.

ಉಳಿದ ಚೂರುಗಳೂ ಹಾಳಾಗಲಿಲ್ಲ. ಅಜ್ಜಿ ಅವನ್ನು ಉದ್ದುದ್ದ ಪಟ್ಟಿ ಮಾಡಿಸಿ ಮನೆಯ ಬಾಗಿಲುಗಳ ಕೆಳಗೆ, ಕಿಟಕಿಯ ಸಂದಿಗೆ ತುರುಕಿಸಿದಳು. ಮನೆಯ ಒಲೆಗೂ ಸಂಜೆ ಹಾಕುವ ಕೊನೆಯ ಬುಟ್ಟಿ ಕಲ್ಲಿದ್ದಲು ಬೇಡವಾಯಿತು. ಮೋಂಚೊವನ್ನು ಅಮ್ಮ ವಾರದ ಮೊದಲ ಎರಡು ದಿನ ಮುಚ್ಚಿದಳು. ಆ ದಿನಗಳಲ್ಲಿ ಬರುತ್ತಿದ್ದವರು ನಾಲ್ಕೈದು ಜನ. ಅವರಿಗಾಗಿ ಇಡೀ ಟ್ಯಾಂಕ್ ಕಾಯಿಸಬೇಕಿತ್ತು. ಮೊದಲು ಒಬ್ಬ ಮುದುಕ ರೇಗಾಡಿದ.

"ಸೋಮವಾರ ನಾನು ಎಲ್ಲಿ ಹೋಗ್ಲಮ್ಮ ಸ್ನಾನಕ್ಕೆ?"

"ಬುಧವಾರ ಬನ್ನಿ ತಾತ. ಎರಡು ದಿನಕ್ಕೆ ನೀವು ಏನೂ ಹುಳಿ ಬರಲ್ಲ."

ಮುದುಕ ಗೊಣಗುತ್ತಲೇ ಬುಧವಾರ ಬಂದ.

ಒಂದು ಬೆಳಿಗ್ಗೆ ಬೆಕ್ತೂರ್ ಸ್ಕೂಲಿನ ದಾರಿಯಲ್ಲಿ ನಿಂತು ಮೋಂಚೊದ ಚಿಮಣಿ ನೋಡುತ್ತಿದ್ದ.

"ಏನೇ, ನಿಮ್ಮ ಡ್ರ್ಯಾಗನ್‌ಗೆ ಹುಷಾರಿಲ್ವಾ? ಹೊಗೇನೇ ಕಾಣ್ತಿಲ್ಲ."

"ಬಾ, ತೋರಿಸ್ತೀನಿ" ಎಂದಳು ಕುಂದುಜ್.

ಅವನು ಟ್ಯಾಂಕ್ ನೋಡಿದ. ಸುತ್ತ ಒಂದು ಸುತ್ತು ಬಂದ. "ನನ್ನ ಟೋಪಿ ಐಡಿಯಾ ಇದು" ಎಂದ. ಸಂಜೆ ಅವನಮ್ಮ ಬಾಗಿಲಿಗೆ ಇಡಲು ಎರಡು ಪಟ್ಟಿ ಕೇಳಿಕೊಂಡು ಬಂದರು.

ಇಷ್ಟಾದರೂ ಬಡಾವಣೆಯ ಹೊಗೆ ಹೋಗಲಿಲ್ಲ. ಚಿಮಣಿಗಳು ನೂರಾರು. ಮೈದಾನದ ಆಚೆ ಬದಿ ಕೆಲವು ದಿನ ಕಾಣುತ್ತಿತ್ತು, ಕೆಲವು ದಿನ ಇಲ್ಲ. ಎರ್ಮೆಕ್ ಇನ್ನೂ ಕೆಮ್ಮುತ್ತಿದ್ದ, ಆದರೆ ಕೆಮ್ಮುತ್ತಲೇ ಏಳುತ್ತಿರಲಿಲ್ಲ.

ಚಳಿ ಕಳೆಯುವ ಮೊದಲೇ ಊರಿನಿಂದ ದೊಡ್ಡಪ್ಪ ಉಣ್ಣೆಯ ಮೂಟೆಗಳನ್ನು ವ್ಯಾನಿನಲ್ಲಿ ಕಳಿಸಿದರು. ಒರಟು ಉಣ್ಣೆ. ಕೊಳ್ಳುವವರಿಲ್ಲದೆ ಊರಲ್ಲಿ ಹಳ್ಳಕ್ಕೆ ಎಸೆಯುತ್ತಿದ್ದದ್ದು.

"ಕಿಯಿಜ್ ಬೇಸಿಗೆ ಕೆಲಸ ಅಲ್ವಾ?" ಅಮ್ಮ ಕೇಳಿದಳು.

"ಬೇಸಿಗೆ ಯಾಕೆ ಬೇಕು? ಬಿಸಿನೀರಿಗೆ. ಬಿಸಿಲಿಗೆ. ಇಲ್ಲಿ ನೆಲ ಬೆಚ್ಚಗಿದೆ, ನೀರೂ ಇದೆ" ಎಂದಳು ಅಜ್ಜಿ. ಮೋಂಚೊ ಮುಚ್ಚಿದ್ದ ಸೋಮವಾರವೂ ಟ್ಯಾಂಕಿನಲ್ಲಿ ಭಾನುವಾರದ ನೀರು ಬಿಸಿಯಾಗಿಯೇ ಇರುತ್ತಿತ್ತು. ಅದಕ್ಕಾಗಿ ಒಲೆ ಹಚ್ಚಬೇಕಿರಲಿಲ್ಲ.

ಒಂದು ಸೋಮವಾರ ಹೆಂಗಸರು ಮೋಂಚೊಗೆ ಬಂದರು. ಬೆಕ್ತೂರನ ಅಮ್ಮ, ಹೊಸ ಮಗುವಿನ ಅಜ್ಜಿ, ಇನ್ನೂ ನಾಲ್ಕು ಮನೆಯವರು. ಮೊದಲು ಉಣ್ಣೆಯನ್ನು ಕೋಲಿನಿಂದ ಬಡಿದರು. ಧೂಳು ಹಾರಿತು, ಉಣ್ಣೆ ಮೋಡದಂತೆ ಉಬ್ಬಿತು. ಅದನ್ನು ದೊಡ್ಡ ಜೊಂಡಿನ ಚಾಪೆಯ ಮೇಲೆ ಪದರ ಪದರವಾಗಿ ಹರಡಿ, ಬಿಸಿನೀರು ಚಿಮುಕಿಸಿ, ಚಾಪೆಯ ಸಮೇತ ಸುರುಳಿ ಸುತ್ತಿ ಹಗ್ಗ ಬಿಗಿದರು.

"ಈಗ ಮಕ್ಕಳು ಬರ್ಲಿ" ಎಂದಳು ಅಜ್ಜಿ. "ಒದೀರಿ!"

ಒಂದು ಕಡೆಯಿಂದ ಹೆಂಗಸರು ಹಗ್ಗ ಜಗ್ಗಿದರು. ಇನ್ನೊಂದು ಕಡೆಯಿಂದ ಮಕ್ಕಳು ಒಬ್ಬರ ಹೆಗಲಿನ ಮೇಲೆ ಒಬ್ಬರು ಕೈ ಹಾಕಿ ಸಾಲಾಗಿ ನಿಂತು ಸುರುಳಿಯನ್ನು ಒದೆಯುತ್ತ ಹೋದರು. ಸುರುಳಿ ಉದ್ದನೆಯ ಪ್ಯಾಸೇಜಿನ ಆ ತುದಿಗೆ ಹೋಯಿತು, ಈ ತುದಿಗೆ ಬಂತು.

"ಇದನ್ನ ಸ್ಕೂಲಲ್ಲಿ ಮಾಡಿದ್ರೆ ಹೆಡ್‌ಮಾಸ್ಟರು ಓಡಿಸ್ತಾರೆ, ಇಲ್ಲಿ ತಿಂಡಿ ಕೊಡ್ತಾರೆ!" ಎಂದ ಬೆಕ್ತೂರ್.

"ಬಾಯಿ ಮುಚ್ಚಿ ಒದಿಯೋ" ಎಂದರು ಅವನಮ್ಮ.

ಎಲ್ಲರೂ ನಗುತ್ತಿದ್ದರು. ಕುಂದುಜ್ ಮೊದಮೊದಲು ನಕ್ಕಳು. ಆಮೇಲೆ, ಸುರುಳಿ ಒಮ್ಮೆ ಹೋಗಿ ಬರುವಷ್ಟರಲ್ಲಿ, ಅವಳಿಗೆ ಒಂದು ವಿಷಯ ಹೊಳೆಯಿತು. ಇದು ಮುಗಿಯುತ್ತದೆ. ಮುಗಿದ ಮೇಲೆ ಅಜ್ಜಿ ಇದನ್ನು ಸುತ್ತಿ ಉಗ್ರಾಣದಲ್ಲಿ ಇಡುತ್ತಾಳೆ. ಆಗ ಅವಳ ಹತ್ತಿರ ಎಲ್ಲವೂ ಇರುತ್ತದೆ.

ಅವಳ ಕಾಲು ನಿಧಾನವಾಯಿತು. ಒದ್ದಂತೆ ಮಾಡಿದಳು, ಒದೆಯಲಿಲ್ಲ. ಬರೀ ಪಾದ ತಾಗಿಸಿದಳು. ಪಕ್ಕದವರು ಹಾಡು ಹೇಳುತ್ತ ಒದೆಯುತ್ತಿದ್ದರು. ಯಾರಿಗೂ ಗೊತ್ತಾಗಲಿಲ್ಲ.

"ನಿಲ್ಲಿಸಿ" ಎಂದಳು ಅಜ್ಜಿ. "ಬಿಚ್ಚಿ ನೋಡೋಣ."

ಹಗ್ಗ ಬಿಚ್ಚಿ ಚಾಪೆ ಬಿಡಿಸಿದರು. ಉಣ್ಣೆ ಒಂದಕ್ಕೊಂದು ಹಿಡಿದುಕೊಂಡು ಹಾಸಾಗುತ್ತಿತ್ತು. ಹಬೆ ಏಳುತ್ತಿತ್ತು. ಅಜ್ಜಿ ನೆಲದ ಮೇಲೆ ಕೂತು ಅಂಚಿನುದ್ದಕ್ಕೂ ಒತ್ತಿ ನೋಡುತ್ತ ಬಂದಳು. ಒಂದು ಕಡೆ ನಿಂತಳು.

"ಕುಂದುಜ್, ಇಲ್ಲಿ ಬಾ. ಬೆರಳು ಕೊಡು."

ಅಜ್ಜಿ ಅವಳ ಬೆರಳು ಹಿಡಿದು ಒತ್ತಿದಳು. ಬೆರಳು ಉಣ್ಣೆಯೊಳಗೆ ತೂರಿಹೋಯಿತು.

"ಇಲ್ಲಿ ಯಾರು ನಿಂತಿದ್ದು?"

ಕುಂದುಜ್ ತನ್ನ ಪಾದಗಳನ್ನು ನೋಡಿದಳು.

"ಕಾಲು ನೋವಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

ಹೆಂಗಸರು ಚಹಾ ಸುರಿದುಕೊಳ್ಳುತ್ತ ಆ ಕಡೆ ಮಾತಾಡುತ್ತಿದ್ದರು. ಅಜ್ಜಿ ಅವಳ ಮುಖವನ್ನೇ ನೋಡಿದಳು.

"ಓ" ಎಂದಳು ಕೊನೆಗೆ. "ಇದು ಸಡಿಲ ಇದ್ರೆ ನಾನು ಸಾಯಲ್ಲ ಅಂದ್ಕೊಂಡ್ಯಾ?"

"ನೀನೇ ಹೇಳಿದ್ಯಲ್ಲ. ಹೊದಿಯೋಕೆ ಏನೂ ಇಲ್ಲ, ಸಾಯೋ ಹಾಗಿಲ್ಲ ಅಂತ."

"ಹೇಳಿದ್ದೆ. ಮುದುಕರು ಏನೇನೋ ಹೇಳ್ತಾರೆ." ಅಜ್ಜಿ ಸಡಿಲವಾಗಿದ್ದ ಜಾಗವನ್ನು ಅಂಗೈಯಿಂದ ಸವರಿದಳು. "ನೋಡು, ನಂಗೆ ಆವಾಗ ಚಳಿ ಗೊತ್ತಾಗಲ್ಲ. ಗಾಳಿ ಬಂದ್ರೂ ಒಂದೇ, ಬರದಿದ್ರೂ ಒಂದೇ. ಒಳಗೆ ಕೂತಿರೋಳು ನೀನು. ನಿಮ್ಮಮ್ಮ. ಇಂಥ ಚಳೀಲಿ ಆದ್ರೆ? ಈ ತೂತಿನಿಂದ ಗಾಳಿ ಬಂದ್ರೆ ಯಾರಿಗೆ ಬಡಿಯತ್ತೆ?"

ಕುಂದುಜ್ ಉಣ್ಣೆಯೊಳಗಿದ್ದ ತನ್ನ ಬೆರಳನ್ನು ನೋಡಿದಳು.

"ನಿಮಗೆ ಚಳಿ ಆಗ್ಬಾರ್ದು. ಅಷ್ಟೇ ಇದು" ಎಂದಳು ಅಜ್ಜಿ. ಆಮೇಲೆ ಕೈ ಊರಿ ಎದ್ದು, ಚಹಾ ಕುಡಿಯುತ್ತಿದ್ದವರ ಕಡೆ ಕೂಗಿದಳು. "ಏನ್ರೇ, ಮದುವೆ ಮನೆಗೆ ಬಂದ್ರಾ? ಸುತ್ತಿ, ಇನ್ನೊಂದು ಸಲ!"

ಚಾಪೆ ಸುತ್ತಿದರು. ಬಿಸಿನೀರು ಸುರಿದು ಹಗ್ಗ ಬಿಗಿದರು. ಮಕ್ಕಳು ಸಾಲಾಗಿ ನಿಂತರು. ಕುಂದುಜ್ ಅದೇ ಜಾಗದಲ್ಲಿ ನಿಂತಳು. ಕಾಲುಚೀಲ ಕಳಚಿ ಗೋಡೆಯ ಕಡೆ ಎಸೆದಳು.

"ಒದೀರಿ!"

ಅವಳು ಒದ್ದಳು. ಇಡೀ ಸುರುಳಿ ಅಲುಗುವಷ್ಟು ಜೋರಾಗಿ ಒದ್ದಳು.

"ಏಯ್, ಮೆಲ್ಲಗ್ ಕಣೇ! ನನ್ನ ಕಾಲದು!" ಎಂದು ಬೆಕ್ತೂರ್ ಕಿರುಚಿದ.

ಅವಳು ಮೆಲ್ಲಗೆ ಒದೆಯಲಿಲ್ಲ. ಪ್ರತಿ ಒದೆಗೂ ಚಾಪೆಯೊಳಗಿಂದ ಬಿಸಿನೀರು ಚಿಮ್ಮಿ ಅವಳ ಕಾಲ ಮೇಲೆ ಬೀಳುತ್ತಿತ್ತು. ಅವಳ ಕಣ್ಣಿನಿಂದಲೂ ಇಳಿಯುತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳಲು ನಿಲ್ಲಲಿಲ್ಲ. ಸುರುಳಿ ಮುಂದೆ ಮುಂದೆ ಉರುಳುತ್ತ ಹೋಯಿತು.